ಗೋಡೆ ಹಾರಿದ ಘಾಟು

ಕ್ಲೋರಿನ್ ಕಾರ್ಖಾನೆಯ ಕಾಂಪೌಂಡಿಗೆ ಆತುಕೊಂಡೇ ತಿಪ್ಪವ್ವನ ಖಾನಾವಳಿ. ಹೋದ ವರ್ಷ ಕಾರ್ಖಾನೆಯಲ್ಲಿ ಗ್ಯಾಸ್ ಸೋರಿದಾಗ ಶಾಲೆಯ ಮಕ್ಕಳು ಕಣ್ಣುಜ್ಜಿಕೊಳ್ಳುತ್ತ ಮನೆಗೆ ಓಡಿದ್ದರು. ಅದಕ್ಕೇ ಊರವರು ಪಂಚಾಯ್ತಿಯಲ್ಲಿ ಕೂತು, ಇನ್ನೊಮ್ಮೆ ಹಾಗಾದರೆ ಯಾರು ಯಾವ ದಾರಿ ಹಿಡಿಯಬೇಕು ಎಂದು ಮಾತಾಡಿಕೊಂಡರು. ಊರಿಗೊಂದು ಸೈರನ್ ಹಾಕಿಸಿಕೊಡಿ ಎಂದು ಕಾರ್ಖಾನೆಯ ಮ್ಯಾನೇಜರನ್ನು ಕೇಳಿದರು.

"ಸೈರನ್ ಹಾಕಿದ್ರೆ ಜನ ಸುಮ್ಮನೆ ಹೆದರ್ತಾರೆ. ನಮ್ಮ ಗೋಡೆ ನೋಡಿದ್ದೀರಾ? ಅದನ್ನ ದಾಟಿ ಏನೂ ಬರಲ್ಲ. ಸೈರನ್ ಬೇಡ ಅಂತ ನಾಳೆ ಎಲ್ಲರೂ ಬರೆದುಕೊಡಿ," ಎಂದರು ಮ್ಯಾನೇಜರು.

ಅರ್ಧ ಊರಿಗೆ ಅಲ್ಲೇ ಕೆಲಸ. ಎಲ್ಲರೂ ತಲೆಯಾಡಿಸಿ ಎದ್ದರು. ತಿಪ್ಪವ್ವನೂ ಎದ್ದು ಹೋದಳು.

ಮರುದಿನ ಬೆಳಿಗ್ಗೆ ಗಾಳಿ ಕಾರ್ಖಾನೆಯ ಕಡೆಗೆ ಬೀಸುತ್ತಿತ್ತು. ತಿಪ್ಪವ್ವ ಗೋಡೆಯ ಬುಡದಲ್ಲಿ ಒಲೆ ಹೂಡಿದಳು. ಮೂಗಿಗೆ ಸೆರಗು ಕಟ್ಟಿಕೊಂಡು, ದೊಡ್ಡ ಬಾಣಲೆ ತುಂಬ ಒಣಮೆಣಸಿನಕಾಯಿ ಸುರಿದು ಹುರಿಯತೊಡಗಿದಳು. ಗೋಡೆಯಾಚೆ ಮೊದಲು ಯಾರೋ ಒಬ್ಬರು ಕೆಮ್ಮಿದರು. ಆಮೇಲೆ ಆಫೀಸಿಗೆ ಆಫೀಸೇ ಕೆಮ್ಮಿತು. ಮ್ಯಾನೇಜರು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಗೇಟಿನಿಂದ ಓಡಿಬಂದರು.

"ಏನಮ್ಮ ಇದು? ಮೊದಲೇ ಒಂದು ಮಾತು ಹೇಳಬಾರದಾ? ಕಿಟಕಿಯಾದ್ರೂ ಮುಚ್ಕೊಳ್ತಿದ್ವಿ."

"ತಪ್ಪಾತು ಸಾಹೇಬ್ರೆ," ಎಂದಳು ತಿಪ್ಪವ್ವ, ಸೌಟು ಆಡಿಸುತ್ತಲೇ. "ಹೇಳೋಣ ಅಂದ್ರೆ ನನ್ನ ಹತ್ರ ಸೈರನ್ ಇರ್ಲಿಲ್ಲ."

ಮ್ಯಾನೇಜರು ಬಾಯಿ ತೆರೆದರು. ಮಾತಿನ ಬದಲು ಸೀನು ಬಂತು. ಕಣ್ಣೊರೆಸಿಕೊಂಡು, ಯಾವ ಕಂಬಕ್ಕೆ ಹಾಕಿಸಲಿ ಎಂದು ಕೇಳಿದರು.