ಮಠದ ಕರಿ ಫೋನು

ಮಲಪ್ರಭೆಯ ದಂಡೆಯ ತಗ್ಗಿನಲ್ಲಿ ಒಂದು ಮಠ. ಆ ಮಠದಲ್ಲಿ ಮಡಿವಾಳಯ್ಯ ಅಜ್ಜಾರು, ಅವರ ಶಿಷ್ಯ ನಿರುಪಾದಿ, ಒಂದು ಕರಿ ಫೋನು. ಇಷ್ಟೇ ಸಂಸಾರ.

ಮೊಬೈಲು ಅಲ್ಲಿ ಕಲ್ಲಿಗೆ ಸಮ. ಸಿಗ್ನಲ್ ಬೇಕೆಂದರೆ ಮಠದ ಹಿಂದಿನ ದಿನ್ನೆ ಹತ್ತಬೇಕು. ಅಜ್ಜಾರ ಜೊತೆ ಯಾರಿಗೇ ಮಾತು ಬೇಕಾದರೂ ಆ ಕರಿ ಫೋನೇ ಗತಿ.

ಎಲ್ಲರಿಗಿಂತ ಹೆಚ್ಚಾಗಿ ಅದು ಬೇಕಾಗಿದ್ದದ್ದು ರೇವಣಯ್ಯನವರಿಗೆ. ಅಜ್ಜಾರೂ ಅವರೂ ಹುಡುಗರಾಗಿದ್ದಾಗ ಒಬ್ಬನೇ ಗುರುವಿನಿಂದ ದೀಕ್ಷೆ ಪಡೆದವರು. ಗುರು ಕಿವಿಯಲ್ಲಿ ಉಸುರಿದ ಮಂತ್ರ ಇಬ್ಬರಿಗೂ ಒಂದೇ. ಯಾರು ಮೊದಲು ಹೊರಡುತ್ತಾರೋ ಅವರ ಕಿವಿಯಲ್ಲಿ ಉಳಿದವರು ಅದನ್ನು ಮತ್ತೊಮ್ಮೆ ಹೇಳಬೇಕು ಅಂತ ಅಂದೇ ಆಣೆ ಹಾಕಿಕೊಂಡಿದ್ದರು.

ಈಗ ರೇವಣಯ್ಯ ದೂರದ ಊರಲ್ಲಿ ತಂಗಿಯ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಅಜ್ಜಾರ ಮೊಣಕಾಲು ಮಠದ ಹೊಸ್ತಿಲು ದಾಟಿಸುತ್ತಿರಲಿಲ್ಲ.

"ಹೊತ್ತು ಬಂದಾಗ ಫೋನ್ ಹಚ್ತೀನಿ, ಮಡಿವಾಳ. ನೀ ಎತ್ತು, ಸಾಕು," ಎಂದಿದ್ದರು ರೇವಣಯ್ಯ.

ಅಷ್ಟರಲ್ಲಿ ಫೋನಿನವರು ಬಂದು, ಹಳೆಯ ತಂತಿ ಬಂದ್ ಮಾಡುತ್ತೇವೆ, ಇನ್ನು ಮೇಲೆ ಫೋನೂ ಇಂಟರ್ನೆಟ್ಟಿನಲ್ಲೇ ಬರುತ್ತದೆ ಎಂದು ಹೇಳಿ ಹೋದರು. ನಂಬರ್ ಅದೇ, ದಾರಿ ಬೇರೆ.

"ಹೊಸಾ ಫೋನ್ ತರ್ಲೇನ್ರಿ ಅಜ್ಜಾರ?" ಎಂದ ನಿರುಪಾದಿ.

"ಬ್ಯಾಡ. ಈ ಕರೇದ್ರಾಗ ರೇವಣ್ಣನ ಉಸಿರು ಸುದ್ದಾ ಕೇಳಸ್ತೈತಿ. ಬ್ಯಾರೇದು ನನ್ನ ಕಿವಿಗೆ ಹತ್ತೂದಿಲ್ಲ."

ನಿರುಪಾದಿಗೆ ಇಂಥದ್ದೆಲ್ಲ ನೀರು ಕುಡಿದಷ್ಟು ಸುಲಭ. ಮಠಕ್ಕೆ ಬರುವ ಮುಂಚೆ ಅವನು ಫೋನ್ ರಿಪೇರಿ ಅಂಗಡಿಯಲ್ಲಿ ಇದ್ದವನು. ಪೇಟೆಗೆ ಹೋಗಿ ಒಂದು ಅಡಾಪ್ಟರ್ ತಂದ. ಅಂಗೈಯಗಲದ ಡಬ್ಬಿ. ಒಂದು ಕಡೆ ಇಂಟರ್ನೆಟ್ಟಿನ ತಂತಿ ಸಿಕ್ಕಿಸಿದರೆ ಇನ್ನೊಂದು ಕಡೆ ಹಳೆ ಫೋನು ಮಾತಾಡುತ್ತದೆ.

ಅಷ್ಟಕ್ಕೇ ಬಿಟ್ಟಿದ್ದರೆ ಏನು ಕೆಡುತ್ತಿತ್ತು? ಆದರೆ ಬಲ್ಲವನ ಕೈ ಸುಮ್ಮನಿದ್ದೀತೇ! ಅಟ್ಟದ ಮೇಲೆ ಗಂಟೆಯಿರುವ ಹಳೆ ಫೋನು ಇನ್ನೂ ಮೂರು ಬಿದ್ದಿದ್ದವು. ಧೂಳು ಒರೆಸಿ ದಾಸೋಹದ ಅಡಿಗೆಮನೆಗೊಂದು, ಪಡಸಾಲೆಗೊಂದು, ತನ್ನ ಕೋಣೆಗೊಂದು ಎಳೆದ. ನಾಲ್ಕೂ ಅದೇ ಒಂದು ಡಬ್ಬಿಗೆ.

"ಇಷ್ಟ್ಯಾಕೋ ತಮ್ಮಾ?" ಎಂದರು ಅಜ್ಜಾರು.

"ಒಂದು ಫೋನ್ ಬಂದ್ರ ಇಡೀ ಮಠ ಗಣಗಣ ಅನ್ನಬೇಕ್ರಿ ಅಜ್ಜಾರ."

ನಾಲ್ಕರಿಂದಲೂ ಹಚ್ಚಿ ನೋಡಿದ. ಕಿರಾಣಿ ಅಂಗಡಿಯವನ ಜೊತೆ ಮಾತಾಡಿದ, ಹಳೆಯ ಗೆಳೆಯನ ಜೊತೆ ಹರಟಿದ. ದನಿ ಪಕ್ಕದಲ್ಲೇ ಕುಂತು ಮಾತಾಡಿದಷ್ಟು ಸ್ವಚ್ಛ. ಹುಡುಗನಿಗೆ ಹಿಗ್ಗೋ ಹಿಗ್ಗು.

ಅಜ್ಜಾರು ಕೇಳಿದರು: "ನಾವು ಕರದ್ರ ಅವರಿಗೆ ಮುಟ್ತೈತಿ. ಅವರು ಕರದ್ರ ನಮಗ ಮುಟ್ತೈತೇನು?"

ನಿರುಪಾದಿ ನಕ್ಕುಬಿಟ್ಟ. "ಹೋಗೂ ದಾರಿ ಇದ್ದಲ್ಲೆ ಬರೂ ದಾರಿ ಇರೂದಿಲ್ಲೇನ್ರಿ?"

ಅಜ್ಜಾರಿಗೆ ಶಿಷ್ಯನ ಮೇಲೆ ಭರವಸೆ ಇತ್ತು.

ಅಂದಿನಿಂದ ಅವರು ಫೋನಿನ ಮಗ್ಗುಲಿಗೇ ಕಂಬಳಿ ಹಾಸಿಕೊಂಡರು. ಪೂಜೆ ಅಲ್ಲೇ, ಪ್ರಸಾದ ಅಲ್ಲೇ. ಗಂಟೆ ಬಾರಿಸಿದ ಕೂಡಲೇ ಎತ್ತಬೇಕು ಎಂಬ ಒಂದೇ ಧ್ಯಾನ.

ಫೋನು ಸುಮ್ಮನೆ ಕುಂತಿತ್ತು.

"ರೇವಣ್ಣಂದು ಸುದ್ದೀನ ಇಲ್ಲಲ್ಲೋ."

"ಫೋನ್ ಬಂದಿಲ್ಲಂದ್ರ ಇನ್ನೂ ಆ ಹೊತ್ತು ಬಂದಿಲ್ಲ ಅಂತಲೇ ಅಲ್ಲೇನ್ರಿ? ಬೇಕಾದ್ರ ನಾವ ಹಚ್ಚೂಣು."

"ಬ್ಯಾಡೋ. ನಾ ಹಚ್ಚಿದ್ರ, ಇನ್ನೂ ಹೋಗಿಲ್ಲೇನು ಅಂತ ಕೇಳಿದಂಗ ಆಗ್ತೈತಿ."

ಒಂದು ಮಧ್ಯಾಹ್ನ ರೇವಣಯ್ಯನವರ ತಂಗಿಯ ಮಗಳು ನಾಗವ್ವ ಬಸ್ಸಿಳಿದು ಬಂದಳು. ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೇ ನಿಂತಳು.

"ಮಾವ ಹೋದರ್ರಿ ಅಜ್ಜಾರ."

ಅಜ್ಜಾರು ಮಗ್ಗುಲಿನ ಫೋನಿನ ಕಡೆ ನೋಡಿದರು. ಆಮೇಲೆ, "ಫೋನ್ ಹಚ್ಚಲಿಲ್ಲಲ್ಲವ್ವಾ?" ಎಂದರು.

ನಾಗವ್ವನಿಗೆ ಎಲ್ಲಿತ್ತೋ ಸಿಟ್ಟು. "ಹಚ್ಚಲಿಲ್ಲಾ? ಅವತ್ತ ಮುಂಜಾನಿಂದ ಅದ ಮಾಡೀವ್ರಿ! ಗಂಟಿ ಹೋಗೂದು, ಹೋಗೂದು, ಎತ್ತವರ ಇಲ್ಲ. ಮಾವ ಕಿವಿಗೆ ಹಿಡಕೊಂಡವರು ಬಿಡಲೇ ಇಲ್ಲ. ಅವರ ಕೈ ಸೋತ ಮ್ಯಾಲೆ ನಾ ಹಿಡಕೊಂಡೆ. 'ಮಡಿವಾಳ ನನ್ನ ಮರತನವ್ವಾ' ಅಂದ್ರು. ಅದ ಕಡೀ ಮಾತು."

"ನಾ ಇಲ್ಲೇ ಕುಂತಿದ್ದೆ," ಎಂದರು ಅಜ್ಜಾರು. "ಇಲ್ಲೇ ಕುಂತಿದ್ದೆನವ್ವಾ."

ನಾಗವ್ವ ನಂಬಿದಳೋ ಇಲ್ಲವೋ. ಕೊಟ್ಟ ನೀರನ್ನೂ ಮುಟ್ಟದೆ ಬಂದ ಬಸ್ಸಿಗೇ ಹೊರಟುಹೋದಳು.

ನಿರುಪಾದಿ ದಿನ್ನೆಗೆ ಓಡಿ ಮೊಬೈಲಿನಿಂದ ಮಠಕ್ಕೆ ಹಚ್ಚಿದ. ಅವನ ಕಿವಿಯಲ್ಲಿ ಟ್ರಿಣ್ ಟ್ರಿಣ್ ಅನ್ನುತ್ತಿತ್ತು. ಕೆಳಗೆ ಮಠದಲ್ಲಿ ನಾಲ್ಕು ಫೋನುಗಳಲ್ಲಿ ಒಂದೂ ಸದ್ದು ಮಾಡಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಹಳೆ ಫೋನಿನ ಗಂಟೆ ಬಡಿಯಲು ಬಲ ಬೇಕು, ಆ ಬಲವನ್ನು ಡಬ್ಬಿಯೇ ಕೊಡಬೇಕು. ಪುಟ್ಟ ಡಬ್ಬಿಗೆ ಇದ್ದದ್ದು ಒಂದು ಗಂಟೆ ಬಾರಿಸುವಷ್ಟು ತ್ರಾಣ. ಒಂದು ರೊಟ್ಟಿಯನ್ನು ನಾಲ್ವರಿಗೆ ಹರಿದು ಹಾಕಿದಂತಾಗಿ ಯಾರ ಹೊಟ್ಟೆಯೂ ತುಂಬಲಿಲ್ಲ. ಇದು ಅವನಿಗೆ ಗೊತ್ತಿಲ್ಲದ ಸಂಗತಿಯೇ? ಅಂಗಡಿಯಲ್ಲಿ ಬಂದವರಿಗೆಲ್ಲ ತಾನೇ ಹೇಳಿ ಕಳಿಸುತ್ತಿದ್ದ. ಇಲ್ಲಿ ಒಂದೇ ಒಂದು ಸಲ ಹೊರಗಿನಿಂದ ಕರೆದು ನೋಡಿದ್ದರೆ ಸಾಕಿತ್ತು.

ಕೆಳಗೆ ಬಂದು ಮೂರು ಫೋನುಗಳನ್ನು ಕಿತ್ತು ಹಾಕಿದ. ಅಜ್ಜಾರ ಮುಖ ನೋಡುವ ಧೈರ್ಯ ಇರಲಿಲ್ಲ.

"ಇನ್ನೊಮ್ಮೆ ದಿನ್ನಿ ಮ್ಯಾಲಿಂದ ಹಚ್ತೀನ್ರಿ. ಗಂಟಿ ಆದ್ರ ಎತ್ತರಿ," ಎಂದು ನೆಲ ನೋಡುತ್ತಲೇ ಹೇಳಿದ.

ಉತ್ತರಕ್ಕೂ ಕಾಯದೆ ಮತ್ತೆ ದಿನ್ನೆ ಹತ್ತಿದ.

ಹಚ್ಚಿದ. ಈ ಸಲ ಮಠದಲ್ಲಿ ಗಂಟೆ ಖಣಖಣ ಬಾರಿಸಿದ್ದು ದಿನ್ನೆಗೂ ಕೇಳಿಸಿತು. ನಿರುಪಾದಿಯ ಕಣ್ಣಲ್ಲಿ ನೀರು ಬಂತು. ಎದುರಿಗೆ ನಿಂತು ಆಡಲಾಗದ ಮಾತನ್ನು ಫೋನಿನಲ್ಲಾದರೂ ಆಡಿಬಿಡಬೇಕು, ತಪ್ಪಾತ್ರಿ ಅಜ್ಜಾರ ಅಂದುಬಿಡಬೇಕು ಅಂತ ಕಾದ.

ಯಾರೂ ಎತ್ತಲಿಲ್ಲ. ಗಂಟೆ ಬಾರಿಸಿ ಬಾರಿಸಿ ನಿಂತಿತು.

ಮತ್ತೆ ಹಚ್ಚಿದ. ಎತ್ತಲಿಲ್ಲ. ಸಿಟ್ಟಾಗಿದ್ದಾರೆ, ಇನ್ನು ನನ್ನನ್ನು ಮಠದಲ್ಲಿ ಇಟ್ಟುಕೊಳ್ಳುವುದಿಲ್ಲ ಅನಿಸಿತು.

ಮತ್ತೆ ಹಚ್ಚಿದ. "ಎತ್ತರೀ ಅಜ್ಜಾರ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ಬರಿಯ ಗಾಳಿಗೆ ಕೂಗಿದ. ಕೆಳಗೆ ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಈ ವಯಸ್ಸಿನಲ್ಲಿ ಇಂಥ ಸುದ್ದಿ ಕೇಳಿದ ಜೀವ, ಏನಾದರೂ ಆಗಿಹೋಯಿತೇ?

ಹಾಗನಿಸಿದ್ದೇ ತಡ, ಕಲ್ಲು ಮುಳ್ಳು ನೋಡದೆ ಕೆಳಗೆ ಓಡಿದ.

ಅಜ್ಜಾರು ಕಂಬಳಿಯ ಮೇಲೆ ಹಾಗೇ ಕುಂತಿದ್ದರು. ಕೈ ರಿಸೀವರಿನ ಮೇಲೇ ಇತ್ತು. ಅವರ ಕಣ್ಣೂ ಒದ್ದೆಯಾಗಿತ್ತು.

"ಗಂಟಿ ಕೇಳಸಲಿಲ್ಲೇನ್ರಿ?"

"ಕೇಳಿಸ್ತು."

"ಮತ್ತ ಎತ್ತಲಿಲ್ಲಲ್ರೀ!" ನಿರುಪಾದಿ ಕೂಸಿನ ಹಾಗೆ ಅತ್ತುಬಿಟ್ಟ.

ಅಜ್ಜಾರು ಪಕ್ಕಕ್ಕೆ ಸರಿದು ಕಂಬಳಿಯ ಮೇಲೆ ಅವನಿಗೆ ಜಾಗ ಮಾಡಿದರು.

"ಕುಂದ್ರು ತಮ್ಮಾ. ನಾ ಎತ್ತದ ಇದ್ದಾಗ ಆ ಕಡೆ ಹೆಂಗನಸ್ತು, ಎಲ್ಲಾ ಹೇಳು. ರೇವಣ್ಣನ್ನ ಕೇಳೂಣಂದ್ರ ಅವ ಇಲ್ಲ."