ಅರಸನ ಹಲ್ಲುನೋವೂ ಹೊರಗಿನವರೂ

ಕೆಂಗಾವಿಯ ಅರಸ ಮಲ್ಲರಸನಿಗೆ ಹಲ್ಲುನೋವು ಬಂತು. ನೋವು ಹಲ್ಲಿಗೆ, ಏಟು ಮಾತ್ರ ಊರಿಗೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಹಾಗೆ.

"ಹೊಳೆಯಾಚೆಯ ನೇಕಾರರು ಬಂದ ಮೇಲೆಯೇ ಹೀಗಾದದ್ದು ಪ್ರಭು," ಎಂದ ದಳವಾಯಿ ವೀರಬೊಮ್ಮ. ಹೋದ ವರ್ಷ ಅರಮನೆಯ ಕೋಳಿ ಮೊಟ್ಟೆ ಇಡದಿದ್ದಾಗಲೂ ಹೀಗೇ ಹೇಳಿ ಕುಂಬಾರರನ್ನು ಓಡಿಸಿದ್ದ. ಹಿಂದೆ ದೊಡ್ಡ ಅರಸರಿಗೆ ಬಿಕ್ಕಳಿಕೆ ಬಂದಾಗ ಇವನ ಅಪ್ಪ ಗಾಣಿಗರನ್ನು ಓಡಿಸಿದ್ದ. ಬಿಕ್ಕಳಿಕೆ ನಿಲ್ಲಲಿಲ್ಲ, ಊರಿಗೆ ಎಣ್ಣೆ ನಿಂತಿತು.

"ಹೊರಗಿನವರೆಲ್ಲ ನಾಳೆಯೇ ಹೊಳೆ ದಾಟಲಿ," ಎಂದು ಅರಸ ಕೆನ್ನೆ ಹಿಡಿದುಕೊಂಡೇ ಅಪ್ಪಣೆ ಮಾಡಿದ.

ಅರಸನಿಗೆ ವೀಳ್ಯ ಮಡಿಸಿಕೊಡುವ ಚೌಡಪ್ಪ ಮಡಿಸುತ್ತಿದ್ದ ಎಲೆಯನ್ನು ಕೆಳಗಿಟ್ಟ. ನೇಕಾರರ ಅಜ್ಜಿ ಗೌರವ್ವನನ್ನು ಅವನು ಬಲ್ಲ. ಅವಳ ಸೊಸೆಗೆ ದಿನ ತುಂಬಿತ್ತು. ಹೊಳೆಯೂ ತುಂಬಿತ್ತು. ಈ ಊರಿಗೆ ಕಾಲಿಟ್ಟ ದಿನ ಅಜ್ಜಿ ಮೊದಲು ಹೋಗಿ ಕಾಯಿ ಒಡೆಸಿದ್ದು ಕೆರೆ ಏರಿಯ ಭೈರವನ ಗುಡಿಯಲ್ಲಿ. ಅದು ನೆನಪಾಗಿ ಅವನು ಮೀಸೆಯೊಳಗೇ ನಕ್ಕ.

"ಒಳ್ಳೆಯ ಅಪ್ಪಣೆ ಪ್ರಭು. ಆದರೆ ಹೊರಗಿನವರು ಯಾರು ಅಂತ ಗುರುತಿಸುವುದು ಹೇಗೆ? ಕೇಳಿದರೆ ಎಲ್ಲರೂ ಇಲ್ಲಿಯವರೇ ಅಂತಾರೆ."

"ನೀನೇ ದಾರಿ ಹೇಳು."

"ಮನೆದೇವರು ಕೇಳೋಣ. ವಂಶ ಎಲ್ಲಿ ಹುಟ್ಟಿತೋ ಮನೆದೇವರ ಗುಡಿ ಅಲ್ಲೇ. ಅದರಲ್ಲಿ ಯಾರೂ ಸುಳ್ಳಾಡುವುದಿಲ್ಲ, ಕಣ್ಣು ಹೋಗುತ್ತೆ ಅನ್ನೋ ಭಯ. ಗುಡಿ ಈ ಸೀಮೆಯಲ್ಲಿದ್ದರೆ ನಮ್ಮವರು, ಬಲಕ್ಕೆ ನಿಲ್ಲಲಿ. ಆಚೆ ಇದ್ದರೆ ಹೊರಗಿನವರು, ಎಡಕ್ಕೆ."

"ಭೇಷ್. ಅದೇ ಕಾನೂನು," ಎಂದು ಅರಸ ಡಂಗುರ ಹೊಡೆಸಿದ.

ಮರುದಿನ ಅರಮನೆಯ ಅಂಗಳದಲ್ಲಿ ಊರಿಗೆ ಊರೇ ಸೇರಿತು. "ಮೊದಲು ದಳವಾಯಿಗಳೇ ಹೇಳಿಬಿಡಲಿ," ಎಂದ ಚೌಡಪ್ಪ.

ದಳವಾಯಿ ಎದೆಯುಬ್ಬಿಸಿ, "ನಮ್ಮ ಮನೆದೇವರು ಹೊಳೆಯಾಚೆಯ..." ಅಂದವನು ಅಲ್ಲಿಗೇ ಬಾಯಿ ಮುಚ್ಚಿದ. ಎಡಕ್ಕೆ ಹೋದ. ಪುರೋಹಿತರ ದೇವರು ಇನ್ನೂ ದೂರ. ಅಡುಗೆಯವನದು ಆಚೆಯ ಬೆಟ್ಟದಲ್ಲಿ, ಡಂಗುರದವನದು ಸಮುದ್ರದ ದಡದಲ್ಲಿ. ಚೌಡಪ್ಪನೂ ಎಲೆ ಚೀಲ ಹಿಡಿದು ಎಡಕ್ಕೇ ನಡೆದ. ಅಲ್ಲಿ ಕಾಲಿಡಲು ಜಾಗವಿಲ್ಲ. ಬಲಗಡೆ ಒಂದು ನಾಯಿ ಮಲಗಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ಅರಸ ತಲೆ ಮುಟ್ಟಿಕೊಂಡ. ಹೋದ ತಿಂಗಳು ತಾನೇ ಪಲ್ಲಕ್ಕಿಯಲ್ಲಿ ಹೊಳೆ ದಾಟಿ, ಮನೆದೇವರಿಗೆ ಮುಡಿ ಕೊಟ್ಟು ಬಂದಿದ್ದ. ಬೋಳುತಲೆಯಲ್ಲಿ ಕೂದಲು ಈಗಷ್ಟೇ ಮೊಳೆಯುತ್ತಿತ್ತು. ಸದ್ದಿಲ್ಲದೆ ಸಿಂಹಾಸನ ಇಳಿದು ಎಡಸಾಲಿನ ಕೊನೆಗೆ ನಿಂತ.

ಆಗ ಗೌರವ್ವ ಬಂದಳು. "ನಮ್ಮ ಮನೆದೇವರು ಇದೇ ಕೆರೆ ಏರಿಯ ಭೈರವ ಕಣಪ್ಪ. ಅರಸರ ಮುತ್ತಜ್ಜ ಇಲ್ಲಿಗೆ ಬಂದ ವರ್ಷ ನಮ್ಮ ಮುತ್ತಜ್ಜನನ್ನ ಹೊರಗಿನವನು ಅಂತ ಓಡಿಸಿದರಂತೆ," ಎಂದು ಹೋಗಿ ನಾಯಿಯ ಪಕ್ಕ ನಿಂತಳು.

ಚೌಡಪ್ಪ ಕೈಮುಗಿದ. "ಅವ್ವಾ, ಈ ಸೀಮೆಯವಳು ಅಂತ ಉಳಿದದ್ದು ನೀನೊಬ್ಬಳೇ. ಅಪ್ಪಣೆ ಕೊಡು, ನಾವೆಲ್ಲ ಹೋಗಬೇಕೋ, ಇರಬೇಕೋ? ಹೊಳೆ ಬೇರೆ ತುಂಬಿದೆ."

ಅಜ್ಜಿ ಅರಸನ ಊದಿದ ಕೆನ್ನೆ ನೋಡಿ ಲೊಚಗುಟ್ಟಿದಳು. "ಇರ್ರಪ್ಪ. ನೋವಿನವರನ್ನ ಯಾರಾದರೂ ಹೊರಗೆ ಹಾಕ್ತಾರಾ?" ಎಂದು ಸೆರಗಿನ ಗಂಟಿನಿಂದ ಒಂದು ಲವಂಗ ತೆಗೆದುಕೊಟ್ಟಳು.

ಅರಸ ಲವಂಗ ಕಚ್ಚಿದ. ನೋವು ಇಳಿಯಿತು. "ಆಹಾ, ಇದು ಯಾವ ಊರಿನ ಲವಂಗ ಅಜ್ಜಿ?"

"ಅದೊಂದು ಕೇಳಬೇಡಿ ಪ್ರಭು," ಎಂದ ಚೌಡಪ್ಪ. "ಊರು ಕೇಳಿದರೆ ಉಗುಳಬೇಕಾಗುತ್ತೆ."

ಅರಸ ಕೆನ್ನೆ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ವಾರದೊಳಗೆ ಗೌರವ್ವನ ಮೊಮ್ಮಗಳಿಗೆ ಅರಮನೆಯಿಂದಲೇ ತೊಟ್ಟಿಲು ಹೋಯಿತು. ಹೊತ್ತುಕೊಂಡು ಹೋದವನು ದಳವಾಯಿ.