ಗುಲಾಬಕ್ಕನ ಸಹಿ

ಹೊಳೆಯ ನಡುವಿನ ಪುಟ್ಟ ದ್ವೀಪ ಕೊಕ್ಕರೆಕುದ್ರುವಿನಲ್ಲಿ ಇಪ್ಪತ್ತೆಂಟು ಮನೆ, ಒಂದೇ ದೋಣಿ. ದೋಣಿ ನಡೆಸುವವಳು ಗುಲಾಬಕ್ಕ. ಕುದ್ರುವಿನವರು ಹೊಳೆಯನ್ನು ನಡೆದು ದಾಟಲು ಒಂದು ಕಾಲುಸಂಕ ಬೇಕೆಂದು ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದರು. ಒಂದು ದಿನ ಅಧಿಕಾರಿಯೇ ಅವಳ ದೋಣಿ ಹತ್ತಿ ಬಂದಿಳಿದರು. ಕೈಯಲ್ಲೊಂದು ಕಾಗದ: ‘ನಮಗೆ ಓಡಾಟಕ್ಕೆ ಯಾವ ತೊಂದರೆಯೂ ಇಲ್ಲ.’

“ನಾನು ಐದೇ ನಿಮಿಷದಲ್ಲಿ ಬಂದೆ. ತೊಂದರೆ ಎಲ್ಲಿದೆ? ಎಲ್ಲರೂ ಸಹಿ ಹಾಕಿ. ಮೂರು ಗಂಟೆಗೆ ನನಗೆ ಮೀಟಿಂಗ್ ಇದೆ.”

ಗುಲಾಬಕ್ಕ ಒಮ್ಮೆ ಹೊಳೆಯ ಕಡೆ ನೋಡಿದಳು. “ಹಾಕುವ, ಸಾಹೇಬ್ರೇ. ಆದರೆ ಬಂದವರನ್ನು ಉಣ್ಣಿಸದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ.”

ಕುಚ್ಚಲಕ್ಕಿ ಅನ್ನ, ಕಾಣೆ ಮೀನಿನ ಸಾರು. ಸಾಹೇಬರು ಮೂರು ಸಲ ಬಡಿಸಿಕೊಂಡರು. ಕೈ ತೊಳೆದು ಹೊರಗೆ ಬಂದರೆ ಹೊಳೆಯೇ ಇಲ್ಲ! ಇಳಿತಕ್ಕೆ ನೀರೆಲ್ಲ ಕಡಲಿಗೆ ಹೋಗಿ, ದೋಣಿ ಕೆಸರಿನಲ್ಲಿ ಕೂತಿತ್ತು.

“ದೋಣಿ ಇನ್ನು ಯಾವಾಗ?”

“ಸಂಜೆ, ನೀರು ಏರಿದ ಮೇಲೆ.”

“ನಡೆದೇ ಹೋಗ್ತೇನೆ!” ಎಂದು ಸಾಹೇಬರು ಇಳಿದರು. ನಾಲ್ಕೇ ಹೆಜ್ಜೆ, ಮೊಣಕಾಲವರೆಗೆ ಹೂತರು. ಜನ ಎಳೆದು ತಂದಾಗ ಒಂದು ಬೂಟು ಕೆಸರಿನಲ್ಲೇ ಉಳಿಯಿತು.

“ಯಾರಿಗಾದರೂ ಹೆರಿಗೆ ನೋವು ಬಂದರೆ ಏನು ಮಾಡ್ತೀರಿ?” ಏದುಸಿರು ಬಿಡುತ್ತ ಕೇಳಿದರು.

“ನೀರು ಬರುವ ತನಕ ತಡೆದುಕೋ ಮಗಳೇ ಅಂತೇವೆ.” ಗುಲಾಬಕ್ಕ ಕಾಗದ ಮುಂದೆ ಹಿಡಿದಳು. “ಸಹಿ ಎಲ್ಲಿ ಹಾಕಬೇಕು, ತೋರಿಸಿ.”

ಸಾಹೇಬರು ಬರೆದದ್ದನ್ನೆಲ್ಲ ಹೊಡೆದುಹಾಕಿ, ‘ಕಾಲುಸಂಕ ತುರ್ತಾಗಿ ಬೇಕು’ ಎಂದು ಬರೆದರು. ಗುಲಾಬಕ್ಕ ತಲೆಯೆತ್ತಿ ನಿಂತು, ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದಳು.

“ಇದಕ್ಕೊಂದು ಸಾಕ್ಷಿ ಬೇಕಲ್ಲ,” ಎಂದರು ಸಾಹೇಬರು.

“ಬೇರೆ ಯಾಕೆ ಸಾಹೇಬ್ರೇ? ನಿಮ್ಮ ಬೂಟು ಅಲ್ಲೇ ನಿಂತಿದೆಯಲ್ಲ!”